ಮದ್ದಿನ ಮನೆಯಲ್ಲೊಂದು ರಾತ್ರಿ

ಮೊನ್ನೆ ರಜೆಗೆ ರಾಯಾಪುರದ ಮನೆಗೆ ಹೋದಾಗ ಹಳಿಯಾಳ, ದಾಂಡೇಲಿ ದಾಟಿ ಗಣೇಶಗುಡಿಯ 'ಓಲ್ಡ್ ಮ್ಯಾಗಝಿನ್ ಹೌಸ್'ನಲ್ಲಿ ಒಂದು ರಾತ್ರಿ ಉಳಿದು ಬಂದೆ. ಹೆಸರು ಕೇಳಿ ಅವ್ವ, "ಅಲ್ಲಿ ಕುಂತು ಹಳೇ ವಾರಪತ್ರಿಕಿ ಓದತೀ ಏನಪಾ?" ಅಂದಳು :)

ಈ ಮ್ಯಾಗಝಿನ್ ಪತ್ರಿಕೆಯಲ್ಲ, ಸಿಡಿಮದ್ದಿನ ಉಗ್ರಾಣ! ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟುವಾಗ ಬಂಡೆ ಒಡೆಯುವ ಮದ್ದನ್ನು ಇಲ್ಲಿಡುತ್ತಿದ್ದರು. 1974ರಲ್ಲಿ ಶುರುವಾದ ಕಟ್ಟೆ 1987ರಲ್ಲಿ ಮುಗಿಯಿತು. ಎತ್ತರ 101 ಮೀಟರ್, ಉದ್ದ 332 ಮೀಟರ್. ಮದ್ದಿನ ಮನೆಗೆ ಕೆಲಸವಿಲ್ಲವಾಯಿತು. ಆಮೇಲೆ ಸರ್ಕಾರದ ಜಂಗಲ್ ಲಾಡ್ಜಸ್‌ನವರು ಅದನ್ನು ವಸತಿಗೃಹ ಮಾಡಿದರು. ಅಪ್ಪಿತಪ್ಪಿ ಸಿಡಿದರೆ ಜನಕ್ಕೆ ಅಪಾಯವಾಗದಿರಲೆಂದು ಇಂಥ ಉಗ್ರಾಣಗಳನ್ನು ಊರಿಂದ ದೂರ ಕಟ್ಟುವುದು ವಾಡಿಕೆ. ಆ ದೂರವೇ ಈಗ ಬಂಡವಾಳ. ಅಂಗಳದ ನೀರಿಗೆ ಕಾಡಿನ ಹಕ್ಕಿಗಳು ಸ್ನಾನಕ್ಕೆ ಬರುತ್ತವೆ. ಕ್ಯಾಮೆರಾ ಹಿಡಿದವರು ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಸದ್ದಿಗಾಗಿ ಕಟ್ಟಿದ ಮನೆಯಲ್ಲಿ ಸದ್ದು ಮಾಡುವಂತಿಲ್ಲ!

ರಾತ್ರಿ ಮಾತ್ರ ಬೇಗ ನಿದ್ದೆ ಬರಲಿಲ್ಲ. ಕಾಳಿ, ಪಾಂಢರಿ ನದಿಗಳ ಸಂಗಮದಲ್ಲಿದ್ದ ಸೂಪಾ ಊರು ಅಣೆಕಟ್ಟಿಗೆ ತನ್ನ ಹೆಸರು ಕೊಟ್ಟು ಅದರ ಹಿನ್ನೀರಿನಲ್ಲೇ ಮುಳುಗಿತು. ಸಂತ್ರಸ್ತರಿಗೆ ರಾಮನಗರದಲ್ಲಿ ಜಾಗ ಕೊಟ್ಟರು. ಸೂಪಾ ತಾಲೂಕು ಜೋಯಿಡಾ ಆಯಿತು. ಮದ್ದಿಟ್ಟ ಗೋಡೆಗಳು ಉಳಿದವು, ಜನ ಬಾಳಿದ ಗೋಡೆಗಳು ನೀರಿಗೆ ಹೋದವು. ಹಳೆ ಕಟ್ಟಡ ಉಳಿಸಿದ್ದಾರೆಂದು ಖುಷಿಪಟ್ಟು ಹೋದವನಿಗೆ ಇದು ಚುಚ್ಚಿತು. ನಾನೂ ಕಾಸು ಕೊಟ್ಟು ಮಲಗಿದ್ದು ಉಳಿದ ಗೋಡೆಗಳ ನಡುವೆಯೇ ತಾನೆ?

ನಿಮ್ಮ ಮನೆಯ ಹಿರಿಯರು ಯಾರಾದರೂ ಹಳೆ ಸೂಪಾದವರಾಗಿದ್ದರೆ, ಅಲ್ಲಿಯ ಓಣಿ, ಸಂತೆ, ಗುಡಿಗಳ ನೆನಪನ್ನು ಕೇಳಿ ಬರೆದಿಡಿ. ಆ ಊರು ಉಳಿಯಲು ಇನ್ನು ಅದೊಂದೇ ಜಾಗ.