ವ್ಯಸನಮುಕ್ತಿಯ ಮನೆಯೂ ಅಹಿಂಸಾಣುವ್ರತವೂ

ಮದ್ಯತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಒಂದು. ಮದ್ಯಪಾನವು ಸಪ್ತವ್ಯಸನಗಳಲ್ಲಿ ಒಂದು. ಇದು ನಮ್ಮ ಮನೆಗಳಲ್ಲಿ ಬಾಲಕರಿಗೂ ತಿಳಿದ ವಿಷಯ. ಆದರೆ ವ್ಯಸನಕ್ಕೆ ಬಿದ್ದು ಎದ್ದುಬರಲು ಹೆಣಗುವವನನ್ನು ಇರಿಸಿಕೊಂಡು ಆರೈಕೆ ಮಾಡುವ ಮನೆ ಹೇಗಿರಬೇಕು, ಅದರ ಮೇಲೆ ರಾಜ್ಯದ ಹತೋಟಿ ಎಷ್ಟಿರಬೇಕು ಎಂಬುದನ್ನು ನಾವು ಅಷ್ಟಾಗಿ ವಿಚಾರಿಸಿಲ್ಲ. ಅದರ ಇತಿಹಾಸವನ್ನು ಸಂಗ್ರಹವಾಗಿ ನೋಡುವುದು ಈ ಲೇಖನದ ಉದ್ದೇಶ.

ಸರ್ಕಾರದ ದೃಷ್ಟಿಯು ಬಹುಕಾಲ ಮದ್ಯದ ಮೇಲಿತ್ತು, ಮದ್ಯಪಾನಿಯ ಮೇಲಿರಲಿಲ್ಲ. ಸಂವಿಧಾನದ 47ನೆಯ ಅನುಚ್ಛೇದವು ಪಾನನಿರೋಧದ ಗುರಿಯನ್ನಿಟ್ಟಿತು. ಮೈಸೂರು ರಾಜ್ಯದಲ್ಲಿ 1961ರಲ್ಲಿ ಪಾನನಿರೋಧ ಕಾಯ್ದೆಯೂ 1965ರಲ್ಲಿ ಅಬಕಾರಿ ಕಾಯ್ದೆಯೂ ಆದವು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷಿದ್ಧವಾಯಿತು. ಮರುವರ್ಷ ಮೇ ತಿಂಗಳಿನಲ್ಲಿ ಬೆಂಗಳೂರು, ಕೋಲಾರ ಹಾಗೂ ನೆರೆಯ ಕೃಷ್ಣಗಿರಿಯ ಕಡೆ ವಿಷಮಿಶ್ರಿತ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಕಾಯ್ದೆ ಅಂಗಡಿಯನ್ನು ಮುಚ್ಚಬಲ್ಲದು. ದೇಹಕ್ಕಂಟಿದ ಚಟವನ್ನು ಬಿಡಿಸಲಾರದು.

ಆ ಕೆಲಸಕ್ಕೆ ಬೇರೆ ದಾರಿಗಳು ಬೇಕಾದವು. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಹಳ್ಳಿಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರಗಳು ನಡೆದವು. ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿಗಳಾದವು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಇವುಗಳ ಜೊತೆಗೆ ತಿಂಗಳುಗಟ್ಟಲೆ ಇರಿಸಿಕೊಳ್ಳುವ ಖಾಸಗಿ ಕೇಂದ್ರಗಳೂ ಹುಟ್ಟಿಕೊಂಡವು. ಮರ್ಯಾದೆಗೆ ಅಂಜಿದ ಕುಟುಂಬಗಳು ರಾತ್ರೋರಾತ್ರಿ ಮಗನನ್ನೋ ಗಂಡನನ್ನೋ ಅಲ್ಲಿಗೆ ಒಪ್ಪಿಸಿ ಬರುವುದುಂಟು. ಬಾಗಿಲು ಮುಚ್ಚಿದ ಮೇಲೆ ಒಳಗೆ ನಡೆಯುವುದನ್ನು ಕೇಳುವವರಾರು?

1987ರ ಮಾನಸಿಕ ಆರೋಗ್ಯ ಕಾಯ್ದೆಯು ಮದ್ಯವ್ಯಸನಿಗಳಿಗೆ ಪ್ರತ್ಯೇಕ ಆಸ್ಪತ್ರೆಗಳಿಗೆ ಅವಕಾಶ ನೀಡಿ, ಖಾಸಗಿಯವರಿಗೆ ಪರವಾನಗಿಯನ್ನು ಕಡ್ಡಾಯ ಮಾಡಿತು. ಆದರೂ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ಮನೋರೋಗಿಗಳು ಪ್ರಾಣ ಕಳೆದುಕೊಂಡರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೆಚ್ಚು ಸ್ಪಷ್ಟವಾಗಿದೆ. ಮದ್ಯ ಹಾಗೂ ಮಾದಕವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳೂ ಅದರ ವ್ಯಾಪ್ತಿಗೆ ಸೇರಿವೆ. ಅಂಥವರನ್ನು ಚಿಕಿತ್ಸೆಗಾಗಲಿ ಪುನರ್ವಸತಿಗಾಗಲಿ ಇರಿಸಿಕೊಳ್ಳುವ ಸಂಸ್ಥೆಯು ನೋಂದಣಿ ಪಡೆಯಬೇಕು. ತಪ್ಪಿದರೆ ಮೊದಲ ಸಲ 5,000ದಿಂದ 50,000 ರೂಪಾಯಿ ದಂಡ. ಮತ್ತೆ ಮತ್ತೆ ತಪ್ಪಿದರೆ ಅದು 5 ಲಕ್ಷದವರೆಗೂ ಏರುತ್ತದೆ. ಬಂಧುಗಳೊಡನೆ ವಾಸಿಸುವ ಮನೆಗೆ ಈ ನಿರ್ಬಂಧವಿಲ್ಲ.

ಇಲ್ಲಿ ನಮ್ಮ ಶಾಸ್ತ್ರವೊಂದು ನೆನಪಿಗೆ ಬರುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಶಕ್ತಿಮೀರಿ ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಹೊಸ ಕಾಯ್ದೆಯನ್ನು ಇದರ ಪಕ್ಕದಲ್ಲಿಟ್ಟು ಓದಿ. ಸರಪಳಿ ಹಾಕುವುದು ನಿಷಿದ್ಧ. ದೈಹಿಕ, ಮಾತಿನ ಹಿಂಸೆಗಳಿಂದ ರಕ್ಷಣೆಯುಂಟು. ಚಿಕಿತ್ಸೆಯ ಹೆಸರಿನಲ್ಲಿ ಸಂತಾನಹರಣ ಕೂಡದು. ಬಲವಂತದ ದುಡಿಮೆ ಸಲ್ಲದು. ಪೌಷ್ಟಿಕ ಆಹಾರ ಕೊಡಲೇಬೇಕು. ಬಲವಂತವಾಗಿ ತಲೆ ಬೋಳಿಸುವುದನ್ನೂ ಕಾಯ್ದೆ ತಡೆದಿದೆ. ನಮ್ಮ ಮುನಿಗಳು ಸ್ವಇಚ್ಛೆಯಿಂದ ಮಾಡಿಕೊಳ್ಳುವ ಕೇಶಲೋಚವು ತಪಸ್ಸು. ಅನ್ಯನ ತಲೆಯನ್ನು ಹಿಡಿದು ಬೋಳಿಸುವುದು ಅವಮಾನ. ವ್ಯಸನಿಯ ಹಿತಕ್ಕಾಗಿಯೇ ಹೊಡೆದೆವೆಂಬ ಸಮಾಧಾನವನ್ನು ಶಾಸ್ತ್ರವೂ ಒಪ್ಪದು, ಕಾಯ್ದೆಯೂ ಒಪ್ಪದು.

ಈಗ ಕೋಲಾರ ತಾಲ್ಲೂಕಿನ ಕ್ಯಾಲನೂರಿನಂತಹ ಊರಿನಲ್ಲಿ ಯಾರಾದರೂ ಇಂಥ ಮನೆಯನ್ನು ತೆರೆಯುತ್ತಾರೆ ಎನ್ನಿ. ಕಟ್ಟಡದ ಪರವಾನಗಿ ಗ್ರಾಮ ಪಂಚಾಯಿತಿಯದು. ಆರೈಕೆಯ ನೋಂದಣಿ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ್ದು. ಒಂದಿದ್ದರೆ ಮತ್ತೊಂದು ಬೇಡವೆಂದಲ್ಲ. ಇನ್ನೊಂದು ಎಚ್ಚರವೂ ಅಗತ್ಯ. ಅಮೆರಿಕದಲ್ಲಿ 1975ರಲ್ಲಿ ಆರಂಭವಾದ ಆಕ್ಸ್‌ಫರ್ಡ್ ಹೌಸ್ ಎಂಬ ಮನೆಗಳಲ್ಲಿ ಕುಡಿತ ಬಿಟ್ಟವರು ತಾವೇ ಬಾಡಿಗೆ ಹಂಚಿಕೊಂಡು, ತಾವೇ ಆಡಳಿತ ನಡೆಸುತ್ತಾರೆ. ಎಡ್ಮಂಡ್ಸ್ ಎಂಬ ಊರು, ನೆಂಟಸ್ತನವಿಲ್ಲದ ಐವರಿಗಿಂತ ಹೆಚ್ಚು ಜನ ಒಂದೇ ಮನೆಯಲ್ಲಿರಬಾರದೆಂಬ ನಿಯಮವನ್ನು ಮುಂದೊಡ್ಡಿತು. ಆ ನಿಯಮವು ವಸತಿಯಲ್ಲಿ ತಾರತಮ್ಯವನ್ನು ತಡೆಯುವ ಕಾನೂನಿನಿಂದ ಹೊರತಲ್ಲವೆಂದು 1995ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಹೀಗೆ ಕಾನೂನಿಗೆ ಎರಡು ಕರ್ತವ್ಯಗಳು: ಮನೆಯೊಳಗಿನವನನ್ನು ನಿರ್ವಾಹಕನ ಕ್ರೌರ್ಯದಿಂದ ಕಾಯುವುದು, ಆ ಮನೆಯನ್ನು ನೆರೆಹೊರೆಯವರ ತಿರಸ್ಕಾರದಿಂದ ಕಾಯುವುದು.

ವರ್ತಕರಾದ ನಮಗೆ ಇದು ಹೊಸ ಮಾತಲ್ಲ. ನಮ್ಮ ತಕ್ಕಡಿ, ತೂಕದ ಕಲ್ಲುಗಳಿಗೆ ಇಲಾಖೆಯ ಮುದ್ರೆ ಬೀಳಲೇಬೇಕು. ಪ್ರಾಮಾಣಿಕ ವ್ಯಾಪಾರಿ ಅದನ್ನು ಅವಮಾನವೆಂದು ಭಾವಿಸುವುದಿಲ್ಲ. ಗಿರಾಕಿಯ ನಂಬಿಕೆಗೆ ಅದೇ ಆಧಾರ. ಸೇವೆಯ ಹೆಸರು ಹೊತ್ತ ಸಂಸ್ಥೆಗೂ ಅದೇ ನ್ಯಾಯ.

ಆದುದರಿಂದ ವ್ಯಸನಮುಕ್ತಿ ಕೇಂದ್ರಕ್ಕೆ ದೇಣಿಗೆ ಕೊಡುವ ಶ್ರಾವಕ ಬಂಧುಗಳು ಮೊದಲು ನೋಂದಣಿ ಪತ್ರವನ್ನು ಕೇಳಿ ನೋಡಲಿ. ಅಡಿಗೆಮನೆಯನ್ನೂ ಮಲಗುವ ಕೋಣೆಯನ್ನೂ ಕಣ್ಣಾರೆ ಕಾಣಲಿ. ಅಲ್ಲಿರುವವರೊಡನೆ ನಿರ್ವಾಹಕರಿಲ್ಲದಾಗ ಎರಡು ಮಾತಾಡಲಿ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೊದಲ ಮೂರನ್ನು ಹಣದಿಂದ ಮಾಡಬಹುದು. ಅಭಯದಾನಕ್ಕೆ ನಾವೇ ಹೋಗಿ ವಿಚಾರಿಸಬೇಕು.