ಯಾರಿಗೂ ಕೇಳಿಸದ ವಾದ್ಯದ ಲೆಕ್ಕ

ಮೊನ್ನೆ ಭಾನುವಾರ ನಮ್ಮ ಮನೆಯಲ್ಲಿ ಒಂದು ಸಣ್ಣ ವಿಚಾರಣೆ ನಡೆಯಿತು. ಕಟಕಟೆಯಲ್ಲಿ ನಾನು.

"ಅಲ್ರೀ, ರಿಟೈರ್ ಆಗೋ ಹೊತ್ತಿನ್ಯಾಗ ಗಿಟಾರ್ ತಗೊಂಡು ಏನ್ ಮಾಡ್ತೀರಿ?"

"ನನಗಲ್ಲ" ಅಂದೆ. ಯಾರಿಗೆ ಅಂತ ಹೇಳಬೇಕಾದರೆ ಕತೆ ರಾಯಚೂರಿನಿಂದ ಶುರು ಮಾಡಬೇಕು. ಅದಕ್ಕೂ ಮೊದಲು ಅಮೆರಿಕಕ್ಕೆ ಹೋಗಿ ಬರಬೇಕು. ಸ್ವಲ್ಪ ಸಹಿಸಿಕೊಳ್ಳಿ.

ನಾನು ಕಾಯುತ್ತಿರುವುದು ಫೆಂಡರ್ ಪ್ರಿಸಿಷನ್ ಎಂಬ ಬೇಸ್ ಗಿಟಾರಿಗೆ. ಹಳೆಯ ಕಾಲದಲ್ಲಿ ಹೇಗಿತ್ತೋ ಹಾಗೆಯೇ ಮತ್ತೆ ಮಾಡಿ ಮಾರುವುದು ಆ ಕಂಪನಿಯ ರೂಢಿ. 2022ರ ಅಕ್ಟೋಬರಿನಲ್ಲಿ 'ಅಮೆರಿಕನ್ ವಿಂಟೇಜ್ 2' ಎಂಬ ಸಾಲಿನಲ್ಲಿ 1954 ಮತ್ತು 1960ರ ಪ್ರಿಸಿಷನ್‌ಗಳು ಹೀಗೆ ಮರಳಿ ಬಂದವು. ಆಗ ಮಗಳ ಫೀಸು ಎದುರಿಗಿತ್ತು, ಸುಮ್ಮನಾದೆ. ಆದರೆ ಈ ವಾದ್ಯ ಹುಟ್ಟಿದ್ದು 1951ರಲ್ಲಿ. ಅದಕ್ಕೆ 75 ಸೇರಿಸಿದರೆ 2026. ವಜ್ರ ಮಹೋತ್ಸವವನ್ನು ಯಾವ ಕಂಪನಿ ತಾನೇ ಬಿಟ್ಟೀತು ಎಂಬ ಆಸೆಯಲ್ಲಿ ಲೀವ್ ಎನ್‌ಕ್ಯಾಶ್‌ಮೆಂಟಿನ ಒಂದು ಭಾಗ ಎತ್ತಿಟ್ಟಿದ್ದೇನೆ.

ಬೇಸ್ ಗಿಟಾರ್ ಅಂದರೆ ನಾಲ್ಕು ದಪ್ಪ ತಂತಿಗಳ ವಾದ್ಯ. ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಹಾಡು ಕೇಳುವಾಗ ನಮಗೆ ಗಾಯಕ ಕೇಳಿಸುತ್ತಾನೆ, ಕೊಳಲು, ತಬಲಾ ಕೇಳಿಸುತ್ತವೆ, ಬೇಸ್ ಮಾತ್ರ ಬೇರೆಯಾಗಿ ಕಿವಿಗೆ ಬೀಳುವುದು ಕಡಿಮೆ. ಅದು ಮನೆಯ ತಳಪಾಯದ ಹಾಗೆ. ನಿಮಗೆ ಅನುಮಾನವಿದ್ದರೆ 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ' ಹಾಡುಗಳನ್ನು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಎರಡೂ ಇಳಯರಾಜಾ ಸಂಗೀತ. ಗಾಯಕರನ್ನು ಬಿಟ್ಟು ಕೆಳಗೆ ನಡೆಯುವುದನ್ನೇ ಹಿಂಬಾಲಿಸಿ. ಅಲ್ಲಿ ಇನ್ನೊಂದು ಹಾಡು ನಡೆದಿರುತ್ತದೆ! ಇಳಯರಾಜಾ ತಂಡದಲ್ಲಿ ಬಹುಕಾಲ ಬೇಸ್ ನುಡಿಸಿದವರು ಶಶಿಧರನ್. ಹಾಡು ಗೊತ್ತಿರುವವರಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತು?

ಇರಲಿ, ಇನ್ನು ಅಮೆರಿಕ. ಈ ವಾದ್ಯ ಮಾಡಿದ ಲಿಯೋ ಫೆಂಡರ್ ಹುಟ್ಟಿದ್ದು 1909ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಈತ ನಮ್ಮವನೇ ಅನಿಸಿದ್ದು ಯಾಕೆಂದರೆ, ಕಾಲೇಜಿನಲ್ಲಿ ಓದಿದ್ದು ಅಕೌಂಟೆನ್ಸಿ. ಮೊದಲು ಒಂದು ಐಸ್ ಕಂಪನಿಯಲ್ಲಿ, ಆಮೇಲೆ ಸರ್ಕಾರದ ಹೆದ್ದಾರಿ ಇಲಾಖೆಯಲ್ಲಿ ಲೆಕ್ಕ ಬರೆದ. ಆರ್ಥಿಕ ಕುಸಿತದ ದಿನಗಳಲ್ಲಿ ಕೆಲಸ ಹೋಯಿತು. 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟ. ಗಿಟಾರ್ ನುಡಿಸಲು ಅವನಿಗೆ ಕೊನೆಯವರೆಗೂ ಬರಲಿಲ್ಲ. ಆದರೆ ಅಂಗಡಿಗೆ ಬಂದ ವಾದ್ಯಗಾರರು ಏನು ಗೊಣಗುತ್ತಾರೆ ಎಂಬುದನ್ನು ಕಿವಿಗೊಟ್ಟು ಕೇಳುತ್ತಿದ್ದ.

ಅವರ ಗೊಣಗಾಟ ಇಷ್ಟು: ಡಬಲ್ ಬೇಸ್ ಆಳೆತ್ತರದ ವಾದ್ಯ, ಹೊತ್ತು ತಿರುಗುವುದು ಕಷ್ಟ. ಬ್ಯಾಂಡಿನ ಗದ್ದಲದಲ್ಲಿ ಕೇಳಿಸುವುದಿಲ್ಲ. ಸ್ವರದ ಜಾಗಕ್ಕೆ ಗುರುತಿಲ್ಲದ್ದರಿಂದ ಬೆರಳು ಸ್ವಲ್ಪ ಜಾರಿದರೂ ಅಪಸ್ವರ. ಲಿಯೋ ಮೂರಕ್ಕೂ ಒಂದೇ ಉತ್ತರ ಕೊಟ್ಟ. ಹೆಗಲಿಗೆ ತೂಗುಹಾಕುವ ಗಿಟ್ಟಿ ಮರದ ಗಿಟಾರ್, ಅದಕ್ಕೆ ವಿದ್ಯುತ್ ಪಿಕಪ್, ಕತ್ತಿನ ಮೇಲೆ ಸ್ವರಕ್ಕೊಂದು ಲೋಹದ ಪಟ್ಟಿ. ಪಟ್ಟಿಯಿಂದಾಗಿ ಸ್ವರ ಕರಾರುವಾಕ್ಕು, ಅದಕ್ಕೇ ಪ್ರಿಸಿಷನ್ ಎಂಬ ಹೆಸರು. ತಂತಿಯ ಉದ್ದ 34 ಇಂಚು. ಇಂದಿಗೂ ಹೆಚ್ಚಿನ ಬೇಸ್ ಗಿಟಾರುಗಳ ಅಳತೆ ಅದೇ! ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲೇ ಇಂಥದ್ದೊಂದನ್ನು ಮಾಡಿದ್ದ, ನಿಜ. ಆದರೆ ಅದು ಓಡಲಿಲ್ಲ, ಲಿಯೋನದು ಓಡಿತು. 1957ರಲ್ಲಿ ಪಿಕಪ್ಪನ್ನು ಎರಡು ತುಂಡಾಗಿಸಿ ಗುಂಯ್‌ಗುಡುವಿಕೆ ತಗ್ಗಿಸಿದ ಮೇಲೆ ವಾದ್ಯದ ರೂಪ ಹೆಚ್ಚೂಕಡಿಮೆ ನಿಂತುಬಿಟ್ಟಿತು.

ಈಗ ಲೆಕ್ಕದ ಭಾಗ. 1965ರ ಜನವರಿಯಲ್ಲಿ, ಆರೋಗ್ಯ ಕೈಕೊಟ್ಟಿದ್ದ ಲಿಯೋ ತನ್ನ ಕಂಪನಿಯನ್ನು ಸಿಬಿಎಸ್ ಎಂಬ ದೊಡ್ಡ ಪ್ರಸಾರ ಸಂಸ್ಥೆಗೆ ಮಾರಿದ. ಬೆಲೆ 1.3 ಕೋಟಿ ಡಾಲರ್. ಬಿ.ಕಾಂ.ನಲ್ಲಿ ನಮಗೆ 'ಗುಡ್‌ವಿಲ್' ಅಂತ ಒಂದು ಪಾಠ ಇತ್ತಲ್ಲ, ಕೈಗೆ ಸಿಗದ, ಕಣ್ಣಿಗೆ ಕಾಣದ ಆಸ್ತಿ. ಸಿಬಿಎಸ್ ಕೊಂಡದ್ದರಲ್ಲಿ ದೊಡ್ಡ ಪಾಲು ಅದೇ ಇರಬೇಕು. ಹೊಸ ಮಾಲೀಕರು ಉತ್ಪಾದನೆ ಹೆಚ್ಚಿಸಿದರು, ಖರ್ಚು ಇಳಿಸುವ ದಾರಿ ಹುಡುಕಿದರು. ವಾದ್ಯಗಾರರು ಮೂಗು ಮುರಿದರು. 'ಸಿಬಿಎಸ್‌ಗೆ ಮುಂಚಿನದು' ಎಂಬುದೇ ಹಳೆಯ ಗಿಟಾರುಗಳಿಗೆ ಬಿರುದಾಯಿತು. 1970ರ ದಶಕದ ಹೊತ್ತಿಗೆ ಜಪಾನಿನವರು ಹಳೆಯ ಫೆಂಡರ್‌ಗಳನ್ನು ನಕಲು ಮಾಡಿ ಅಸಲಿಗಿಂತ ಚೆನ್ನಾಗಿ ಮಾರತೊಡಗಿದ್ದರು.

ಆಗ ಕಂಪನಿಗೆ ಜ್ಞಾನೋದಯ. ತಮ್ಮದೇ ಹಳೆಯ ವಾದ್ಯಗಳನ್ನು ಮುಂದಿಟ್ಟುಕೊಂಡು ಅಳತೆ ತೆಗೆದು, 1982ರಲ್ಲಿ 1957 ಮತ್ತು 1962ರ ಪ್ರಿಸಿಷನ್‌ಗಳನ್ನು ಮರಳಿ ತಂದರು. ಇಂಥ ಮರುಹುಟ್ಟು ನನ್ನ ಪ್ರಕಾರ ಬರೀ ವ್ಯಾಪಾರವಲ್ಲ. "ನಾವು ಕೆಡಿಸಿದೆವು, ಮೊದಲಿನದೇ ಸರಿಯಿತ್ತು" ಅಂತ ಬರೆದುಕೊಟ್ಟ ತಪ್ಪೊಪ್ಪಿಗೆ. 1985ರಲ್ಲಿ ಕಂಪನಿಯ ನೌಕರರೇ ಸೇರಿ, ಬಿಲ್ ಶುಲ್ಟ್ಸ್ ಮುಂದಾಳತ್ವದಲ್ಲಿ ಅದನ್ನು ಕೊಂಡುಕೊಂಡರು, 1.25 ಕೋಟಿ ಡಾಲರಿಗೆ. ಇಪ್ಪತ್ತು ವರ್ಷದ ಹಣದುಬ್ಬರ ಪಕ್ಕಕ್ಕಿಟ್ಟರೂ ಸಿಬಿಎಸ್‌ಗೆ ಅಸಲೇ ಗಿಟ್ಟಲಿಲ್ಲ!

ಇದನ್ನೆಲ್ಲ ಓದಿ ನಾನು ನಗಬೇಕಿತ್ತು. ನಗು ಬರಲಿಲ್ಲ. ಯಾಕೆಂದರೆ 1991ರಲ್ಲಿ ರಾಯಚೂರಿನಲ್ಲಿ ಅದೇ ಕೆಲಸ ನಾನೂ ಮಾಡಿದ್ದೆ.

ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ಗಣೇಶನ ಹಬ್ಬ, ಮದುವೆ, ರಾಜ್ಯೋತ್ಸವ. ನನಗೆ ಹಾಡಲು ಬರುತ್ತಿರಲಿಲ್ಲ, ಬಿ.ಕಾಂ. ಓದುತ್ತಿದ್ದೆನಲ್ಲ, ಲೆಕ್ಕ ನನ್ನದು. ಬೇಸ್ ನುಡಿಸುತ್ತಿದ್ದವನು ನನ್ನ ಬಾಲ್ಯದ ಗೆಳೆಯ. ಆಗ ವಿದೇಶಿ ಗಿಟಾರ್ ಅಂಗಡಿಯಲ್ಲಿ ಸಿಗುವ ವಸ್ತುವಾಗಿರಲಿಲ್ಲ. ಇಂಥ ಸರಕುಗಳ ಮೇಲಿನ ಆಮದು ನಿರ್ಬಂಧ ಪೂರ್ತಿ ತೆರವಾದದ್ದು 2001ರ ಏಪ್ರಿಲ್ 1ರಂದು. ಹಾಗಾಗಿ ಸಿಕಂದರಾಬಾದಿಗೆ ಬಂದು, ರೈಲ್ವೆಯಲ್ಲಿದ್ದ ಒಬ್ಬ ಆಂಗ್ಲೋ-ಇಂಡಿಯನ್ ಹಿರಿಯರಿಂದ ಹಳೆಯದೊಂದನ್ನು 1,800 ರೂಪಾಯಿಗೆ ತಂದಿದ್ದೆವು. ಜಪಾನಿನ ನಕಲು, ಕಪ್ಪು ಬಣ್ಣ, 1957ರ ನಂತರದ ಪ್ರಿಸಿಷನ್ನಿನ ತದ್ರೂಪು.

ಆ ವರ್ಷ ಮಳೆಗೆ ಎರಡು ಕಾರ್ಯಕ್ರಮ ರದ್ದಾಗಿ ಸೌಂಡ್ ಸಿಸ್ಟಮ್ ಬಾಡಿಗೆ ಬಾಕಿ ಉಳಿಯಿತು. ಏನಾದರೂ ಮಾರಬೇಕು. ನಾನು ಪಟ್ಟಿ ಮಾಡಿದೆ: ಕೀಬೋರ್ಡ್ ಬೇಕು, ಡ್ರಮ್ಸ್ ಬೇಕು, ಮೈಕು ಬೇಕೇ ಬೇಕು. ಬೇಸ್? "ಹೆಂಗೂ ಯಾರಿಗೂ ಕೇಳಂಗಿಲ್ಲಲ್ಲ" ಅಂದೆ. ಗೆಳೆಯ ಒಂದು ಮಾತೂ ಆಡದೆ ತಂತಿ ಒರೆಸಿ, ಚೀಲಕ್ಕೆ ಹಾಕಿ ಕೈಗೆ ಕೊಟ್ಟ.

ಮುಂದಿನ ಕಾರ್ಯಕ್ರಮದಲ್ಲಿ ಹಾಡುಗಳೆಲ್ಲ ಹಾಗೆಯೇ ಇದ್ದವು, ಸಪ್ಪೆಯಾಗಿದ್ದವು. ಜನ ಕಾರಣ ತಿಳಿಯದೆ ಎದ್ದು ಹೋದರು. ಆರು ತಿಂಗಳಲ್ಲಿ ಆರ್ಕೆಸ್ಟ್ರಾ ನಿಂತಿತು. ನನಗೆ ಬ್ಯಾಂಕು ಸಿಕ್ಕಿತು, ಹೈದರಾಬಾದು ಸಿಕ್ಕಿತು. ಅವನು ಅಲ್ಲೇ ಉಳಿದ, ಮತ್ತೆ ಬೇಸ್ ಮುಟ್ಟಲಿಲ್ಲ. ಮೂವತ್ತು ವರ್ಷ ಊರಿನ ವಿಷಯ, ಮಕ್ಕಳ ವಿಷಯ ಎಲ್ಲ ಮಾತಾಡಿದ್ದೇವೆ. ಅದೊಂದನ್ನು ಬಿಟ್ಟು.

ಅಮೆರಿಕದ ಜೇಮ್ಸ್ ಜೇಮರ್ಸನ್ ಎಂಬ ಬೇಸ್ ವಾದಕನ ವಿಷಯ ಓದಿದ ದಿನ ನಿದ್ದೆ ಬರಲಿಲ್ಲ. ಮೋಟೌನ್ ಕಂಪನಿಯ ಎಷ್ಟೋ ಪ್ರಸಿದ್ಧ ಹಾಡುಗಳಿಗೆ ತನ್ನ 1962ರ ಪ್ರಿಸಿಷನ್ ನುಡಿಸಿದವನು. ವರ್ಷಗಟ್ಟಲೆ ರೆಕಾರ್ಡಿನ ಮೇಲೆ ಅವನ ಹೆಸರೇ ಇರಲಿಲ್ಲ. ಆ ವಾದ್ಯ 1983ರಲ್ಲಿ ಕಳುವಾಯಿತು, ಕೆಲವೇ ದಿನಗಳಲ್ಲಿ ಅವನೂ ತೀರಿಕೊಂಡ. ಕಳುವು ಮಾಡಿದವನಿಗೆ ತಾನು ಏನು ಒಯ್ದೆ ಅಂತ ಗೊತ್ತಿತ್ತೋ ಇಲ್ಲವೋ. ನನಗಂತೂ ಗೊತ್ತಿರಲಿಲ್ಲ.

ವಿಚಾರಣೆ ಮುಗಿದ ಮೇಲೆ ಹೆಂಡತಿ ಅಂದಳು, "ಮೊದ್ಲ ಅವರಿಗೆ ಫೋನ್ ಮಾಡ್ರಿ." ಮಾಡಿದೆ. ಸುತ್ತಿ ಬಳಸಿ ಕಡೆಗೆ 1991ಕ್ಕೆ ಬಂದೆ. "ತಪ್ಪಾತಲೇ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದ:

"ಹಳೇದರಂಗ ಮಾಡ್ತಾರ ಅಂದ್ರ, ತಂತಿನೂ ಹಳೇ ತರದ್ದು ಫ್ಲಾಟ್‌ವೌಂಡ್ ಹಾಕಿ ಕೊಡ್ತಾರೇನು? 2022ರಾಗ ಬಂದದ್ದು ನಾನೂ ನೋಡೀನಿ. ಈ ಸಲ ಕಪ್ಪು ಬಣ್ಣದಾಗ ಬಂದ್ರ ಹೇಳು. ಅರ್ಧ ರೊಕ್ಕ ನಂದು."

ಅವನೂ ಕಾಯುತ್ತಿದ್ದ!

ಬಾಕಿ ಅರ್ಧ ನನ್ನ ಪಾಲು. ಮೂವತ್ತು ವರ್ಷದ ಬಡ್ಡಿ ಹಾಕಿದರೆ ಇನ್ನೂ ಜಾಸ್ತಿಯೇ ಆಗಬೇಕು. ಅದನ್ನು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂದ ಹಾಗೆ, ನಿಮ್ಮೂರಿನ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಿದ್ದವರ ಹೆಸರು ನಿಮಗೆ ನೆನಪಿದೆಯೇ?