ಅರ್ಧ ಇಂಚಿನ ಪಾನಾ

ನಮ್ಮ ಕಡೆ ಸ್ಪ್ಯಾನರಿಗೆ ಪಾನಾ ಎನ್ನುತ್ತಾರೆ. ಕಳೆದ ಬೇಸಿಗೆಯಲ್ಲಿ ಪಿಎಚ್‌ಡಿ ಪ್ರಬಂಧದ ಒಂದು ಅಧ್ಯಾಯ ಮುಂದೆ ಸಾಗದೆ, ಹಾವೇರಿ ಕಡೆಯ ನಮ್ಮೂರಿಗೆ ಹೋದವಳು ಹಿತ್ತಲಿನ ತಗಡಿನ ಶೆಡ್ಡಿನಲ್ಲಿದ್ದ ಅಜ್ಜನ ಡೀಸೆಲ್ ಎಂಜಿನ್ ಬಿಚ್ಚಲು ಕೂತೆ. ಹೊಲದ ಬಾವಿಗೆ ಕರೆಂಟಿನ ಮೋಟಾರು ಬಂದ ಮೇಲೆ, 20 ವರ್ಷದಿಂದ ಅದನ್ನು ಯಾರೂ ತಿರುಗಿಸಿರಲಿಲ್ಲ.

ಮೊದಲ ಬೋಲ್ಟಿಗೇ ಸೋತೆ. ಪೇಟೆಯಿಂದ ತಂದ ಹೊಸ ಸೆಟ್ಟಿನಲ್ಲಿ ಒಂದು ಪಾನಾ ಕೂರಲಿಲ್ಲ, ಅದರ ಮುಂದಿನದು ಜಾರಿ ಬೋಲ್ಟಿನ ತಲೆ ಸವೆಸಿತು. ಕಾಕಾ ಅಟ್ಟದಿಂದ ಒಂದು ಗೋಣಿಚೀಲ ಇಳಿಸಿ ತುಕ್ಕು ಹಿಡಿದ ಪಾನಾ ಒಂದನ್ನು ಕೊಟ್ಟರು. ಅದರ ಮೇಲೆ ಅರ್ಧ ಇಂಚು ಎಂದು ಒತ್ತಿತ್ತು. ಅಳೆದರೆ ಬಾಯಿ ಅರ್ಧ ಇಂಚಿಗಿಂತ ಎಷ್ಟೋ ದೊಡ್ಡದು. ಆದರೆ ಬೋಲ್ಟಿಗೆ ಸರಿಯಾಗಿ ಕೂತಿತು.

ಅದು ವಿಟ್‌ವರ್ತ್ ಪಾನಾ. ಅದರ ಮೇಲಿನ ಅಂಕಿ ಬೋಲ್ಟಿನ ತಲೆಯದಲ್ಲ, ಕಾಂಡದ ದಪ್ಪ. ಇಂಗ್ಲೆಂಡಿನಲ್ಲಿ ಆ ಕಾಲಕ್ಕೆ ಒಂದೊಂದು ಕಾರ್ಖಾನೆಗೆ ಒಂದೊಂದು ಬಗೆಯ ಮರೆ ಇರುತ್ತಿತ್ತು. ಜೋಸೆಫ್ ವಿಟ್‌ವರ್ತ್ ಹಲವು ಕಾರ್ಖಾನೆಗಳ ಬೋಲ್ಟುಗಳನ್ನು ಕೂಡಿಹಾಕಿ, ಅವುಗಳ ಸರಾಸರಿ ತೆಗೆದು, 55 ಡಿಗ್ರಿ ಕೋನದ ಒಂದೇ ಮರೆಯನ್ನು 1841ರಲ್ಲಿ ಸೂಚಿಸಿದ. ಆ ಲೆಕ್ಕ ನಮ್ಮ ಹಿತ್ತಲಿಗೆ ಬಂದದ್ದು ಹೇಗೆ?

ಅಜ್ಜನ ಎಂಜಿನ್ನಿಗೆ ಹೆಸರಿನ ಫಲಕ ಉಳಿದಿಲ್ಲ, ಫಲಕ ಕೂರಿಸಿದ್ದ ತೂತುಗಳಷ್ಟೇ ಇವೆ. ಆದರೆ ಎರಡು ಭಾರದ ಚಕ್ರ, ಎದ್ದು ನಿಂತ ಒಂದೇ ಸಿಲಿಂಡರು ನೋಡಿದರೆ ವಂಶ ತಿಳಿಯುತ್ತದೆ. ಇದು ಇಂಗ್ಲೆಂಡಿನ ಡರ್ಸ್ಲಿ ಎಂಬ ಸಣ್ಣ ಊರಿನ ಲಿಸ್ಟರ್ ಕಂಪನಿಯ ಸಿ.ಎಸ್. ಮಾದರಿ. 1930ರ ಸುಮಾರಿಗೆ ಬಂದದ್ದು. ಸಿ.ಎಸ್. ಎಂದರೆ ಕೋಲ್ಡ್ ಸ್ಟಾರ್ಟ್. ಹಳೆಯ ಹಾಟ್ ಬಲ್ಬ್ ಎಂಜಿನ್ನುಗಳ ಹಾಗೆ ಬೆಂಕಿಯಿಂದ ತಲೆ ಕಾಯಿಸಬೇಕಿಲ್ಲ, ತಣ್ಣಗಿದ್ದಾಗಲೇ ಕೈಯಿಂದ ತಿರುಗಿಸಿ ಶುರು ಮಾಡಬಹುದು. ನಿಮಿಷಕ್ಕೆ 600–650 ಸುತ್ತು, ಐದಾರು ಕುದುರೆ ಶಕ್ತಿ. ಗುಜರಾತಿನ ರಾಜಕೋಟೆಯ ಫೌಂಡ್ರಿಗಳು ಇದೇ ಮಾದರಿಯನ್ನು ಎರಕ ಹೊಯ್ದು ದೇಶಕ್ಕೆಲ್ಲ ಮಾರಿದವು.

ಭಾರತ 1956ರಲ್ಲೇ ಕಾನೂನು ಮಾಡಿ ಮೆಟ್ರಿಕ್ ಪದ್ಧತಿಗೆ ಹೊರಳಿತು. ಶಾಲೆಯ ಅಳತೆಪಟ್ಟಿ, ಅಂಗಡಿಯ ತೂಕದ ಕಲ್ಲು ಬದಲಾದವು. ಎಂಜಿನ್ನಿನ ಮರೆ ಮಾತ್ರ ಇಂಚಿನಲ್ಲೇ ಉಳಿಯಿತು. ಇದು ಮೊಂಡುತನವಲ್ಲ. ಮರೆ ಬದಲಾದರೆ ಹಳೆಯ ಬಿಡಿಭಾಗ ಹೊಸದಕ್ಕೆ ಕೂರುವುದಿಲ್ಲ. ಬೆಳೆ ಒಣಗುತ್ತಿರುವಾಗ ರೈತನಿಗೆ ಬೇಕಾದದ್ದು ಪಕ್ಕದ ಪೇಟೆಯಲ್ಲಿ ಸಿಗುವ ನಟ್ಟು. ನಮ್ಮ ಎಂಜಿನ್ನಿನ ಸವೆದ ಬುಶ್ಶನ್ನು ಈ ಸಲ ತಿರುವಿಕೊಟ್ಟದ್ದು ಕೂಡ ಹರಿಹರದಲ್ಲಿ ತಯಾರಾದ ಹಳೆಯ ಲೇತು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು.

ಪಿಸ್ಟನ್ ಹಿಡಿದುಕೊಂಡಿತ್ತು. ಸಿಲಿಂಡರಿಗೆ ಸೀಮೆಎಣ್ಣೆ ಸುರಿದು ನಾಲ್ಕು ದಿನ ಬಿಟ್ಟು, ಮರದ ತುಂಡು ಇಟ್ಟು ಮೆಲ್ಲಗೆ ಬಡಿದು ಸಡಿಲಿಸಿದೆವು. ಆ ನಾಲ್ಕು ದಿನದಲ್ಲಿ ನಾನೊಂದು ತಪ್ಪು ಮಾಡಿದೆ. ಕೈ ಖಾಲಿ ಇದೆಯೆಂದು ಡ್ರಿಲ್ಲಿಗೆ ವೈರ್ ಬ್ರಷ್ ಸಿಕ್ಕಿಸಿ ಕ್ರ್ಯಾಂಕ್‌ಕೇಸಿನ ಬಾಗಿಲಿನ ಹಸಿರು ಬಣ್ಣ ಕೆರೆಯತೊಡಗಿದೆ. ಅರ್ಧ ಮುಗಿದಾಗ ಕಾಕಾ ಕೂಗಿ ನಿಲ್ಲಿಸಿದರು. ಹಸಿರಿನ ಕೆಳಗೆ ಬಿಳಿ ಬಣ್ಣದಲ್ಲಿ ಅಜ್ಜನ ಸೊಟ್ಟ ಅಕ್ಷರ: ‘ರಿಂಗ್ 79’. ಅದರ ಕೆಳಗೆ ‘ರಿಂಗ್ 8’, ಮುಂದಿನ ಅಂಕಿ ಇಲ್ಲ. ಅದರ ಕೆಳಗಿನ ಸಾಲುಗಳೇ ಇಲ್ಲ, ಹೊಳೆಯುವ ಕಬ್ಬಿಣ.

ನನ್ನ ಅಧ್ಯಾಯ ನಿಂತಿದ್ದೇ ಅಲ್ಲಿ. ಬಾವಿ ನೀರಾವರಿಗೆ ಕೊಟ್ಟ ಸಾಲದ ಲೆಕ್ಕ ಕಡತಗಳಲ್ಲಿ ಸಿಕ್ಕಿತ್ತು. ಸಾಲ ತಂದು ಕೊಂಡ ಎಂಜಿನ್ ಎಷ್ಟು ವರ್ಷಕ್ಕೊಮ್ಮೆ ಕೆಡುತ್ತಿತ್ತು, ಅದನ್ನು ಯಾರು ಹೇಗೆ ನಡೆಸಿಕೊಂಡು ಹೋದರು ಎಂಬುದು ಎಲ್ಲಿಯೂ ಸಿಕ್ಕಿರಲಿಲ್ಲ. ಮೂರನೇ ಇಯತ್ತೆ ಓದಿದ ಅಜ್ಜ ಅದನ್ನು ಬರೆದಿಟ್ಟಿದ್ದರು. ನಾನು ಅದನ್ನು ಕೆರೆದು ಹಾಕಿದ್ದೆ. ತಾಳೆಗರಿಯನ್ನು ಕೈಗವಸು ಹಾಕಿ ಮುಟ್ಟುವ ನನಗೆ ಕಬ್ಬಿಣವೂ ಓಲೆಯಾಗಬಹುದು ಎಂದು ಹೊಳೆಯಲಿಲ್ಲ.

ಕಾಕಾ ಬೈಯಲಿಲ್ಲ. ಪೂರ್ತಿ ಹೊಸ ಬಣ್ಣ ಹೊಡೆಸಬೇಕೆಂದಿದ್ದವರು ಬಾಗಿಲಿಗೆ ಬರೀ ಎಣ್ಣೆ ಸವರಿದರು. ಎಂಜಿನ್ ಈಗ ಓಡುತ್ತದೆ. ಡಿಕಂಪ್ರೆಶನ್ ಲಿವರ್ ಎತ್ತಿ, ಹ್ಯಾಂಡಲ್ ತಿರುಗಿಸಿ ಚಕ್ರಕ್ಕೆ ವೇಗ ಬಂದಾಗ ಲಿವರ್ ಬಿಟ್ಟರೆ ‘ಧಡ್’ ಎಂದು ಹಿಡಿಯುತ್ತದೆ. ಮೊದಲ ದಿನ ಆ ಸದ್ದಿಗೆ ಅಜ್ಜಿ ಒಳಗಿನಿಂದ ಬಂದು, ‘ನೀರು ಯಾವ ಕಡೆ ಬಿಟ್ಟೀರಿ?’ ಎಂದು ಕೇಳಿದರು.

ನಿಮ್ಮ ಮನೆಯ ಮೂಲೆಯಲ್ಲೂ ಇಂಥ ಎಂಜಿನ್ನೋ ಹೊಲಿಗೆ ಯಂತ್ರವೋ ಇದ್ದರೆ ಖಂಡಿತ ಬಿಚ್ಚಿ ಸರಿಮಾಡಿ. ಉಜ್ಜುವ ಮೊದಲು ಪ್ರತಿ ಬದಿಯ ಒಂದು ಫೋಟೋ ತೆಗೆಯಿರಿ. ಗೀಚು, ಬೆಸುಗೆ, ಸರಿಹೊಂದದ ಬೋಲ್ಟು, ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ನನ್ನ ಅಧ್ಯಾಯದಲ್ಲಿ ಎಂಟರ ಮುಂದಿನ ಜಾಗವನ್ನು ಹಾಗೇ ಖಾಲಿ ಬಿಟ್ಟಿದ್ದೇನೆ, ಅಡಿಟಿಪ್ಪಣಿಯಲ್ಲಿ ಕಾರಣ ಬರೆದಿದ್ದೇನೆ.